ಓವರ್‌ಸಿಯರ್ ಮಾವನಲ್ಲಿ ಕೇಳಿ: ಗುಡ್ಡೆಯಿಂದ ಸೈಕಲ್ ಇಳಿಸುವ ದಾರಿ

ಬಾವಿ, ಕಂಪೌಂಡು, ಸೋರುವ ಟೆರೇಸಿನ ಪ್ರಶ್ನೆಗಳಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರ ಕೊಡುತ್ತೇನೆ. ಈ ಸಲ ಬದಿಯಡ್ಕದ ಆಚೆಯ ಒಂದೇ ಊರಿನಿಂದ, ಒಂದೇ ಗುಡ್ಡೆಯ ಬಗ್ಗೆ ಐದು ಪತ್ರ ಬಂದಿವೆ. ಪಂಚಾಯತಿನ ಪಾರ್ಕಿನಲ್ಲಿ ಸೈಕಲ್ ಇಳಿಸಲಿಕ್ಕೆಂದೇ ಒಂದು ದಾರಿ ಮಾಡುವ ಮಾತು ಅಲ್ಲಿ ನಡೆಯುತ್ತಿದೆ. ಬೇಕು ಎನ್ನುವವರೂ ಬರೆದಿದ್ದಾರೆ, ಬೇಡ ಎನ್ನುವವರೂ ಬರೆದಿದ್ದಾರೆ. ಯಾರ ಹೆಸರನ್ನೂ ಹಾಕಿಲ್ಲ. ನಾಳೆ ಅಂಗಡಿ ಜಗಲಿಯಲ್ಲಿ ಜಗಳ ಆಗುವುದು ಬೇಡ.

ಪ್ರಶ್ನೆ: ಮಾವಾ, ನಮಸ್ಕಾರ. ನಮ್ಮ ಸಂಘದ ಹುಡುಗರಿಗೆ ಮೌಂಟೇನ್ ಬೈಕಿನ ಹುಚ್ಚು. ಪಂಚಾಯತ್ ಪಾರ್ಕು ಅಂದರೆ 5 ಎಕ್ರೆ ಗುಡ್ಡೆ. ಮೇಲಿನ ನೀರಿನ ಟ್ಯಾಂಕಿಯಿಂದ ಕೆಳಗಿನ ಗೇಟಿಗೆ ನೇರ ಹಿಡಿದರೆ 150 ಮೀಟರ್, ಇಳಿತ 45 ಮೀಟರ್. ಜೆಸಿಬಿ ತರಿಸಿ ಒಂದೇ ದಿನದಲ್ಲಿ ನೇರ ಡೌನ್‌ಹಿಲ್ ಟ್ರ್ಯಾಕ್ ಹೊಡೆಸಿ, ನಡುವೆ ನಾಲ್ಕೈದು ಜಂಪ್ ಇಟ್ಟರೆ ಹೇಗೆ? ವಿಷುವಿಗೆ ಉದ್ಘಾಟನೆ ಮಾಡುವ ಆಸೆ. (ಯುವಕ ಸಂಘದ ಕಾರ್ಯದರ್ಶಿ)

ಉತ್ತರ: ಜೆಸಿಬಿ ಸದ್ಯಕ್ಕೆ ಇದ್ದಲ್ಲೇ ಇರಲಿ ಮಾರಾಯ್ರೆ. ಮೊದಲು ನಿಮ್ಮದೇ ಲೆಕ್ಕ ನೋಡುವ. 150 ಮೀಟರಿಗೆ 45 ಮೀಟರ್ ಇಳಿತ ಅಂದರೆ ನೂರಕ್ಕೆ 30. ಬಸ್ಸು ಹೋಗುವ ಘಾಟಿ ರಸ್ತೆಯನ್ನು ಸಾಮಾನ್ಯವಾಗಿ ನೂರಕ್ಕೆ ಏಳೆಂಟು ದಾಟದ ಹಾಗೆ ತೆಗೆಯುತ್ತಾರೆ. ನೂರಕ್ಕೆ 30ರಲ್ಲಿ ನಿಮ್ಮ ಸಂಘದ ಗಟ್ಟಿ ಹುಡುಗರು ಇಳಿದಾರು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ನೀರೂ ಅದೇ ದಾರಿಯಲ್ಲಿ ಇಳಿಯುತ್ತದೆ, ಅಲ್ವಾ?

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೇ ಸುರಿಯುತ್ತದೆ. ಗುಡ್ಡೆ ವಾಲಿದ ನೇರಕ್ಕೇ ದಾರಿ ಕಡಿದರೆ ನೀವು ಮಾಡಿದ್ದು ಟ್ರ್ಯಾಕ್ ಅಲ್ಲ, ಕಣಿ. ಮೊದಲ ಮಳೆಗಾಲಕ್ಕೆ ಮೊಣಕಾಲು ಆಳ, ಎರಡನೆಯದಕ್ಕೆ ಸೊಂಟದ ಆಳ. ಕೊಚ್ಚಿದ ಮಣ್ಣೆಲ್ಲ ಕೆಳಗಿನವರ ತೋಟಕ್ಕೆ.

ಇಂಥ ದಾರಿ ಕಟ್ಟುವವರು ಪಾಲಿಸುವ ಒಂದು ಸುಲಭ ಲೆಕ್ಕ ಇದೆ. ಅಮೆರಿಕದಲ್ಲಿ 1988ರಲ್ಲಿ ಶುರುವಾದ ಮೌಂಟೇನ್ ಬೈಕ್ ಸವಾರರ ಸಂಸ್ಥೆ ಇಂಬಾ ಅದನ್ನು ಎಲ್ಲ ಕಡೆ ಹರಡಿತು. ಗುಡ್ಡೆಯ ಇಳಿಜಾರು ಎಷ್ಟಿದೆಯೋ ದಾರಿಯ ಇಳಿಜಾರು ಅದರ ಅರ್ಧ ಮೀರಬಾರದು. ಮೀರಿದರೆ ನೀರು ದಾರಿಯನ್ನು ಅಡ್ಡ ದಾಟಿ ಹೋಗುವ ಬದಲು ದಾರಿಯುದ್ದಕ್ಕೂ ಓಡುತ್ತದೆ. ಜೊತೆಗೆ ಇಡೀ ದಾರಿಯ ಸರಾಸರಿ ನೂರಕ್ಕೆ 10ರ ಒಳಗೆ ಇರಬೇಕು. ನಿಮ್ಮ ಗುಡ್ಡೆಗೆ ನಾನು 8 ಇಡುತ್ತೇನೆ. ಆಗ 45 ಮೀಟರ್ ಇಳಿಯಲಿಕ್ಕೆ ಸುಮಾರು 560 ಮೀಟರ್ ದಾರಿ ಬೇಕು. 80 ಮೀಟರಿಗೊಂದು ತಿರುವು ಇಟ್ಟರೆ ಆರು ತಿರುವು. 5 ಎಕ್ರೆಯಲ್ಲಿ ಆರಾಮವಾಗಿ ಕೂರುತ್ತದೆ. ನೇರ ಬಿಟ್ಟರೆ ಕಣ್ಣು ಮಿಟುಕಿಸುವುದರೊಳಗೆ ಮುಗಿಯುವ ಮಜಾ ಹೀಗೆ ಮಾಡಿದರೆ ಒಂದೂವರೆ ನಿಮಿಷ ಸಿಗುತ್ತದೆ. ಹುಡುಗರಿಗೂ ಲಾಭವೇ.

ಗೆರೆ ಹಾಕಲಿಕ್ಕೆ ಡ್ರೋನ್ ಗೀನ್ ಏನೂ ಬೇಡ. ಮೊದಲು ಆ ಗುಡ್ಡೆಗೆ ಮೇಯಲು ಹೋಗುವ ದನಗಳ ಹಿಂದೆ ನಡೆಯಿರಿ. ನಮ್ಮ ಕಾಸರಗೋಡು ಗಿಡ್ಡ ತಳಿಯ ದನ ಗುಡ್ಡೆಯನ್ನು ನೇರ ಏರುವುದಿಲ್ಲ, ನೇರ ಇಳಿಯುವುದೂ ಇಲ್ಲ, ಓರೆಯಾಗಿ ಹೋಗುತ್ತದೆ. ಅದರ ಕಾಲುದಾರಿ ಎಷ್ಟು ಮಳೆ ಬಂದರೂ ಹೆಚ್ಚು ಕೊರೆಯುವುದಿಲ್ಲ. ಆಮೇಲೆ ಮೇಸ್ತ್ರಿಯ ಹತ್ತಿರ ಇರುವ, ನೀರು ತುಂಬಿಸಿ ಮಟ್ಟ ನೋಡುವ ಪ್ಲಾಸ್ಟಿಕ್ ಟ್ಯೂಬು ತನ್ನಿ. 10 ಮೀಟರ್ ಹಗ್ಗ ಹಿಡಿದು, ಒಂದು ತುದಿಗಿಂತ ಇನ್ನೊಂದು ತುದಿ 80 ಸೆಂಟಿಮೀಟರ್ ಕೆಳಗೆ ಬರುವಲ್ಲಿ ಗೂಟ ಹೊಡೆಯುತ್ತಾ ಬನ್ನಿ. ಎರಡು ಭಾನುವಾರದ ಕೆಲಸ. ನಾಗಬನವೋ ದೈವದ ಕಲ್ಲೋ ಹತ್ತಿರ ಇದ್ದರೆ ಈಗಲೇ ಗೆರೆಯನ್ನು ದೂರ ಸರಿಸಿ. ಕಡಿದ ಮೇಲೆ ಜ್ಯೋತಿಷಿಯನ್ನು ಕರೆಸಿ ಪ್ರಶ್ನೆ ಇಡಿಸುವ ಖರ್ಚು ಜೆಸಿಬಿ ಬಾಡಿಗೆಗಿಂತ ಜಾಸ್ತಿ ಆದೀತು.

ಗೂಟದ ಗೆರೆ ಒಂದೇ ಸಮ ಇಳಿಯುತ್ತಾ ಹೋಗಬಾರದು. 15-20 ಮೀಟರಿಗೊಮ್ಮೆ ದಾರಿ ಮೂರ್ನಾಲ್ಕು ಹೆಜ್ಜೆ ಮೇಲೆ ಹತ್ತಿ ಮತ್ತೆ ಇಳಿಯಬೇಕು. ಆ ತಗ್ಗಿನಲ್ಲಿ ನೀರು ನಿಂತು ಯೋಚನೆ ಮಾಡುವುದಿಲ್ಲ, ಹೊರಬದಿಗೆ ಜಾರಿಕೊಳ್ಳುತ್ತದೆ. ನಿಮ್ಮ ಹುಡುಗರು ರೋಲರ್ ಅಂತ ಕುಣಿಯುವುದು ಇದೇ ಏರಿಳಿತದ ಮೇಲೆ. ದಾರಿಯ ಮೇಲ್ಮೈ ಹೊರಕ್ಕೆ ಸ್ವಲ್ಪ ವಾಲಿರಲಿ, ಮೀಟರ್ ಅಗಲಕ್ಕೆ 5 ಸೆಂಟಿಮೀಟರ್ ಸಾಕು. ತಿರುವಿನ ಹೊರಬದಿಗೆ ಕಟ್ಟುವ ಮಣ್ಣಿನ ದಿಬ್ಬ, ಅಂದರೆ ಬರ್ಮ್, ಮಾತ್ರ ಒಳಕ್ಕೆ ವಾಲುತ್ತದೆ. ಹಾಗಾಗಿ ಬರ್ಮ್ ಬರುವ ಮೊದಲೇ ಒಂದು ತಗ್ಗು ಕೊಟ್ಟು ನೀರನ್ನು ಕಳುಹಿಸಿಬಿಡಬೇಕು. ಇಲ್ಲದಿದ್ದರೆ ಬರ್ಮೇ ಕೆರೆಯಾಗುತ್ತದೆ.

ಕಡಿಯುವ ಬಗ್ಗೆ ಒಂದು ಮಾತು. ಗುಡ್ಡೆಯನ್ನು ಕೊರೆದು, ದಾರಿಯ ಪೂರ್ತಿ ಅಗಲವೂ ಹಳೆಯ ಗಟ್ಟಿ ನೆಲದ ಮೇಲೆ ಬರುವ ಹಾಗೆ ಮಾಡಿ. ಅರ್ಧ ಕಡಿದು, ಆ ಮಣ್ಣನ್ನು ಹೊರಬದಿಗೆ ಎಳೆದು ಅಗಲ ಮಾಡುವ ಚಾಳಿ ನಮ್ಮಲ್ಲಿ ಇದೆ. ಆ ಸಡಿಲ ಅಂಚು ಮೊದಲ ಮಳೆಗೇ ಹೋಗುತ್ತದೆ. ನಿಮ್ಮ ಇಳಿಜಾರಿನಲ್ಲಿ ಮೀಟರ್ ಅಗಲದ ದಾರಿಗೆ 30 ಸೆಂಟಿಮೀಟರ್ ಎತ್ತರದ ಕಡಿತ ಸಾಕು. ತುಂಬ ಎತ್ತರ ಕಡಿಯಬೇಕಾದ ಜಾಗ ಬಂದರೆ ಗೆರೆಯನ್ನೇ ಬದಲಿಸಿ. ನಮ್ಮ ಗುಡ್ಡೆಗಳಲ್ಲಿ ಮೇಲೆ ಗಟ್ಟಿ ಮುರಕಲ್ಲು, ಅಡಿಯಲ್ಲಿ ಮೆತ್ತನೆಯ ಶೇಡಿ ಮಣ್ಣು. ಮುರ ಒಡೆದು ಶೇಡಿ ಬಿಸಿಲಿಗೆ ಬಿತ್ತು ಅಂದರೆ ಆಟಿ ತಿಂಗಳ ಮಳೆಗೆ ಬರೆ ಜರಿಯುತ್ತದೆ. ರಸ್ತೆ ಅಗಲ ಮಾಡಿದ ಕಡೆಯೆಲ್ಲ ಪ್ರತಿ ವರ್ಷ ನೋಡುತ್ತೇವಲ್ಲ. ಈ ಕೆಲಸಕ್ಕೆ ಪಿಕ್ಕಾಸು, ಹಾರೆ, ಹತ್ತು ಜನ ಹುಡುಗರು ಸಾಕು. ಜೆಸಿಬಿಗೆ ಮೀಟರ್ ಅಗಲ ಕಡಿ ಅಂದರೆ ಮೂರು ಮೀಟರ್ ಕಡಿದು ಹೋಗುತ್ತದೆ.

ಮುರದ ಇನ್ನೊಂದು ಗುಣ ಸವಾರರಿಗೆ ಗೊತ್ತಿರಬೇಕು. ಗಟ್ಟಿ ಕಲ್ಲಿನ ಮೇಲೆ ಹರಡಿದ ಮುರದ ಹರಳು ಒಣಗಿದಾಗ ಗೋಲಿಗುಂಡಿನ ಹಾಗೆ ಉರುಳುತ್ತದೆ. ತಿರುವಿನಲ್ಲಿ ಅದನ್ನು ಗುಡಿಸಿ ತೆಗೆಯುವುದು ವಾರದ ಕೆಲಸ. ಅದಕ್ಕೆ ಯಾರೂ ಮುಂದೆ ಬರುವುದಿಲ್ಲ ಎಂದಾದರೆ ದಾರಿ ಮಾಡುವುದೇ ಬೇಡ.

ಜಂಪು. ನಾಲ್ಕೈದು ಯಾಕೆ, ಮೊದಲ ವರ್ಷ ಎರಡು ಸಾಕು. ಎರಡೂ ಟೇಬಲ್‌ಟಾಪ್ ಆಗಿರಲಿ. ಹಾರುವ ಜಾಗಕ್ಕೂ ಇಳಿಯುವ ಜಾಗಕ್ಕೂ ನಡುವೆ ಮಣ್ಣು ತುಂಬಿ ಸಪಾಟಾಗಿರುತ್ತದೆ, ಹಾರಿದ್ದು ಕಮ್ಮಿಯಾದರೆ ಮಣ್ಣಿನ ಮೇಲೆಯೇ ಇಳಿಯುತ್ತೀರಿ. ನಡುವೆ ಹೊಂಡ ಬಿಟ್ಟ ಜಂಪಿನಲ್ಲಿ ಕಮ್ಮಿಯಾದರೆ ಮುಖ ಹೋಗಿ ಎದುರಿನ ದಿಬ್ಬಕ್ಕೆ ಹೊಡೆಯುತ್ತದೆ. ಪ್ರತಿ ಜಂಪಿನ ಪಕ್ಕ ಹಾರದೆ ಹೋಗುವ ಒಂದು ದಾರಿ ಇರಲಿ. ಇನ್ನೊಂದು ಒಳ್ಳೆಯ ಉಪಾಯ: ದಾರಿಯಲ್ಲಿ ಬರುವ ಕಷ್ಟದ ಮಾದರಿಯೊಂದನ್ನು ಶುರುವಿನಲ್ಲೇ, ನಿಧಾನ ವೇಗದಲ್ಲೇ ಇಡಿ. ಅದನ್ನು ದಾಟಲಾಗದವನು ಅಲ್ಲಿಂದಲೇ ವಾಪಸು ಹೋಗುತ್ತಾನೆ, ಅರ್ಧ ಗುಡ್ಡೆ ಇಳಿದು ಸಿಕ್ಕಿಹಾಕಿಕೊಳ್ಳುವುದಿಲ್ಲ. ಕೊನೆಯಲ್ಲಿ ದಾರಿ ಗೇಟಿಗೆ ನೇರ ಬರಕೂಡದು, ಆಚೆ ರಸ್ತೆ ಇದೆ. ಗೇಟಿಗೆ 30 ಮೀಟರ್ ಮೊದಲೇ ತಿರುಗಿಸಿ ಸ್ವಲ್ಪ ಏರು ಕೊಟ್ಟು ಮುಗಿಸಿ. ಬ್ರೇಕ್ ತುಂಡಾದವನೂ ಅಲ್ಲಿ ನಿಲ್ಲುತ್ತಾನೆ.

ಕಾಗದಪತ್ರ: ವಿಲೇಜ್ ಆಫೀಸಿನಿಂದ ಜಾಗದ ಸ್ಕೆಚ್, ವಾರ್ಡಿನ ಗ್ರಾಮಸಭೆಯಲ್ಲಿ ಚರ್ಚೆ, ಪಂಚಾಯತಿನ ನಿರ್ಣಯ. ಅರ್ಜಿ ಕನ್ನಡದಲ್ಲೇ ಬರೆಯಿರಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ನಮಗೆ ಆ ಹಕ್ಕು ಇದೆ, ಬಳಸದೆ ಬಳಸದೆ ತುಕ್ಕು ಹಿಡಿಸುವುದು ಬೇಡ. ಕಡಿದ ಮಣ್ಣು ಒಂದು ಬುಟ್ಟಿಯೂ ಪಾರ್ಕಿನಿಂದ ಹೊರಗೆ ಹೋಗದಿರಲಿ. ಬರ್ಮ್‌ಗೂ ಟೇಬಲ್‌ಟಾಪಿಗೂ ಅದೇ ಬೇಕು. ಲಾರಿಯಲ್ಲಿ ಮಣ್ಣು ಹೋಯಿತು ಅಂದರೆ ಪರವಾನಗಿ, ಪೊಲೀಸು, ಪೇಪರು ಎಲ್ಲ ಒಟ್ಟಿಗೆ ಬರುತ್ತವೆ.

ಇನ್ನು ವಿಷು. ನಿಮಗೆ ಬೇಸರ ಆಗುತ್ತದೆ, ಆದರೂ ಹೇಳುತ್ತೇನೆ: ಬರುವ ವಿಷುವಿಗೆ ಬೇಡ. ಈಗ ನೆಲದ ಪಸೆ ಆರಿದೆ. ಒಣ ಮಣ್ಣಿನ ಬರ್ಮ್ ನಿಲ್ಲುವುದಿಲ್ಲ, ನೀರು ಹೊಯ್ದು ಬಡಿಯಬೇಕು. ಟ್ಯಾಂಕಿ ಅಲ್ಲೇ ಇದೆ ಅಂತೀರಿ. ಮಾರ್ಚ್ ತಿಂಗಳಲ್ಲಿ ಊರಿನ ಕುಡಿಯುವ ನೀರನ್ನು ಬರ್ಮ್‌ಗೆ ಹೊಯ್ದರೆ ಉದ್ಘಾಟನೆಗೆ ಜನ ಬರುತ್ತಾರೆ, ಆದರೆ ಹಾರ ಹಾಕಲಿಕ್ಕಲ್ಲ. ಈ ಬೇಸಗೆಯಲ್ಲಿ ಗೂಟ ಹೊಡೆದು ಮುಗಿಸಿ. ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ಕೊಡೆ ಹಿಡಿದು ಆ ಗೆರೆಯ ಮೇಲೆ ನಡೆಯಿರಿ. ಎಲ್ಲಿ ನೀರು ಬರುತ್ತದೆ, ಎಲ್ಲಿ ಒರತೆ ಏಳುತ್ತದೆ ಎಂದು ಗೂಟಕ್ಕೆ ಬಣ್ಣ ಹಚ್ಚಿ. ಆ ಮೂರು ತಿಂಗಳು ಕಲಿಸುವುದನ್ನು ಯಾವ ಇಂಜಿನಿಯರೂ ಕಲಿಸುವುದಿಲ್ಲ. ಅಕ್ಟೋಬರಿನಲ್ಲಿ ನೆಲ ಹದವಾಗಿರುವಾಗ ಕಡಿಯಿರಿ.

ಪ್ರಶ್ನೆ: ಅಣ್ಣಾ, ನಮ್ಮ ಮನೆ ಆ ಗುಡ್ಡೆಯ ಬುಡದಲ್ಲಿ. ಕುಡಿಯಲಿಕ್ಕೂ ಅಡಿಕೆ ತೋಟಕ್ಕೂ ಗುಡ್ಡೆಯೊಳಗೆ ಅಡ್ಡಕ್ಕೆ ಕೊರೆದ ಸುರಂಗದ ನೀರೇ. ಮೇಲೆ ಸೈಕಲ್ ಓಡಿ ಸುರಂಗ ಕುಸಿದರೆ ಏನು ಮಾಡುವುದು? ಹುಡುಗರಲ್ಲಿ ಕೇಳಿದರೆ "ಸೈಕಲ್ ಎಷ್ಟು ಭಾರ ಅಕ್ಕಾ" ಎಂದು ನಗುತ್ತಾರೆ. (ಗೃಹಿಣಿ)

ಉತ್ತರ: ಅಕ್ಕಾ, ಹುಡುಗರು ಹೇಳಿದ್ದು ಸರಿ, ನಗುವುದು ಸರಿಯಲ್ಲ. ಸೈಕಲೂ ಸವಾರನೂ ಸೇರಿ ನೂರು ಕಿಲೋ ಆದೀತು. ಮೇಯುವ ದನ ಅದಕ್ಕಿಂತ ಭಾರ. ಸುರಂಗಕ್ಕೆ ಹೆದರಿಕೆ ಇರುವುದು ಏಳು ಟನ್ನಿನ ಜೆಸಿಬಿಯಿಂದ, ಮತ್ತೆ ದಿಕ್ಕು ತಪ್ಪಿದ ನೀರಿನಿಂದ. ಗುಡ್ಡೆಯ ಮೇಲೆ ಇಂಗಿದ ಮಳೆಯೇ ಮುರಕಲ್ಲಿನ ಒಳಗೆ ಜಿನುಗಿ ನಿಮ್ಮ ಸುರಂಗಕ್ಕೆ ಬರುವುದು. ದಾರಿ ಮಾಡಿ ಆ ನೀರನ್ನೆಲ್ಲ ಒಂದೇ ಕಣಿಯಲ್ಲಿ ಕೆಳಗಿಳಿಸಿದರೆ ಇಂಗುವುದು ಕಮ್ಮಿಯಾಗುತ್ತದೆ. ಅದನ್ನು ಸುರಂಗದ ಬಾಯಿಯ ಮೇಲೆಯೇ ಬಿಟ್ಟರೆ ಬಾಯಿ ಜರಿದು ಮುಚ್ಚಿಹೋಗುತ್ತದೆ. ಮೇಲಿನ ಉತ್ತರದಲ್ಲಿ ಹೇಳಿದ ಹಾಗೆ 15-20 ಮೀಟರಿಗೊಮ್ಮೆ ಸ್ವಲ್ಪ ಸ್ವಲ್ಪ ನೀರನ್ನು ಹೊರಬಿಟ್ಟರೆ ಅದು ಹುಲ್ಲಿನಲ್ಲಿ ಹರಡಿ ಅಲ್ಲಲ್ಲೇ ಇಂಗುತ್ತದೆ, ತೊಂದರೆ ಇಲ್ಲ.

ನೀವು ಮಾಡಬೇಕಾದ್ದು ಎರಡು. ಸುರಂಗ ಎತ್ತ ಹೋಗಿದೆ, ಎಷ್ಟು ಉದ್ದ, ಎಲ್ಲಿ ಕವಲು ಒಡೆದಿದೆ ಎಂಬುದು ಯಾವ ಆಫೀಸಿನ ನಕ್ಷೆಯಲ್ಲೂ ಇಲ್ಲ, ಮನೆಯ ಹಿರಿಯರ ತಲೆಯಲ್ಲಿದೆ. ಹತ್ತು ಮೀಟರಿನದೂ ಇದೆ, ಇನ್ನೂರು ಮೀಟರಿನದೂ ಇದೆ. ಹುಡುಗರನ್ನೇ ಕರೆದು ಅವರಿಂದಲೇ ಅಳೆಸಿ, ಗುಡ್ಡೆಯ ಮೇಲೆ ಅದೇ ನೇರಕ್ಕೆ ಸುಣ್ಣದ ಗೆರೆ ಹಾಕಿಸಿ. ಗೆರೆಯ ಎರಡೂ ಬದಿ ಹತ್ತು ಮೀಟರ್ ಒಳಗೆ ಅಗೆಯುವ ಹಾಗಿಲ್ಲ ಎಂದು ಗ್ರಾಮಸಭೆಯಲ್ಲಿ ಎದ್ದು ಹೇಳಿ ಮಿನಿಟ್ಸ್‌ನಲ್ಲಿ ಬರೆಸಿ. ಇನ್ನೊಂದು, ಈಗಿನಿಂದಲೇ ತಿಂಗಳಿಗೊಮ್ಮೆ ಒಂದು ಕೊಡಪಾನ ತುಂಬಲಿಕ್ಕೆ ಎಷ್ಟು ಸೆಕೆಂಡು ಹಿಡಿಯುತ್ತದೆ ಎಂದು ಕ್ಯಾಲೆಂಡರಿನಲ್ಲಿ ಬರೆದಿಡಿ. ನಾಳೆ ನೀರು ಕಮ್ಮಿಯಾಯಿತು ಎಂದು ಬರೀ ಬಾಯಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ, ಕ್ಯಾಲೆಂಡರ್ ತೋರಿಸಿದರೆ ಕೇಳುತ್ತಾರೆ.

ಪ್ರಶ್ನೆ: ನಾವು ಕೆಲವು ನಿವೃತ್ತರು ಬೆಳಿಗ್ಗೆ ಆ ಪಾರ್ಕಿನಲ್ಲಿ ವಾಕಿಂಗ್ ಮಾಡುತ್ತೇವೆ. ಹೊಂದಿಕೊಂಡು ಎಲ್ಲರೂ ಒಂದೇ ದಾರಿ ಬಳಸಿದರೆ ಸಾಲದೇ? ಸಾರ್ವಜನಿಕ ಜಾಗದಲ್ಲಿ ಸೈಕಲಿಗೆ ಮಾತ್ರ ಅಂತ ಒಂದು ದಾರಿ ಯಾಕೆ? ಬೆಳಿಗ್ಗೆ ಎಂಟರವರೆಗೆ ಸೈಕಲ್ ಬೇಡ ಎಂಬುದೂ ನಮ್ಮ ಬೇಡಿಕೆ. (ನಿವೃತ್ತ ಅಧ್ಯಾಪಕರು)

ಉತ್ತರ: ಮಾಷ್ಟ್ರೇ, ಹೊಂದಿಕೊಳ್ಳುವುದು ಒಳ್ಳೆಯದೇ, ಆದರೆ ಇಲ್ಲಿ ಬೇಡ. ಸಪಾಟು ಜಾಗದಲ್ಲಿ ನಿಧಾನ ಹೋಗುವ ಸೈಕಲೂ ನೀವೂ ಒಟ್ಟಿಗೆ ಹೋಗಬಹುದು. ಇಳಿಜಾರಿನ ವಿಷಯ ಬೇರೆ. ಗಂಟೆಗೆ 30 ಕಿಲೋಮೀಟರ್ ಅಂದರೆ ಸೆಕೆಂಡಿಗೆ 8 ಮೀಟರಿಗಿಂತ ಮೇಲೆ. ತಿರುವಿನ ಆಚೆ ನಿಮ್ಮನ್ನು ಕಂಡು ಹುಡುಗನ ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡು ಹೋಯಿತು. ಹರಳಿನ ಮೇಲೆ ಸೈಕಲ್ ನಿಲ್ಲಲಿಕ್ಕೆ ಮತ್ತೂ ಹತ್ತು ಹದಿನೈದು ಮೀಟರ್ ಬೇಕು. ಅಷ್ಟರಲ್ಲಿ ನೀವು ಪಕ್ಕಕ್ಕೆ ಹಾರಬೇಕಾಗುತ್ತದೆ, ಈ ವಯಸ್ಸಿಗೆ ಅದು ನನ್ನಿಂದಲೂ ಆಗದು.

ಹಾಗಾಗಿ ಸೈಕಲಿಗೆ ಪ್ರತ್ಯೇಕ ದಾರಿ ಬೇಕು ಅಂತ ಕೇಳಬೇಕಾದವರು ನೀವೇ. ಅದು ಒಮ್ಮುಖ, ಇಳಿಯಲಿಕ್ಕೆ ಮಾತ್ರ. ಮೇಲೆ ಹತ್ತಲಿಕ್ಕೆ ಹುಡುಗರು ಸೈಕಲ್ ತಳ್ಳಿಕೊಂಡು ನಿಮ್ಮ ದಾರಿಯ ಪಕ್ಕದಲ್ಲಿ ಬರಲಿ, ನಮಸ್ಕಾರವನ್ನೂ ಹೇಳಲಿ. ಎರಡು ದಾರಿ ಒಂದನ್ನೊಂದು ದಾಟುವುದು ತಪ್ಪುವುದಿಲ್ಲ ಎಂದಾದರೆ ಅದು ಸೈಕಲ್ ಏರು ಹತ್ತುತ್ತಾ ನಿಧಾನವಾಗುವ ಜಾಗದಲ್ಲಿ ಇರಬೇಕು, ಎರಡೂ ಕಡೆ ಪೊದೆ ಸವರಿ ದೂರದಿಂದ ಕಾಣುವ ಹಾಗೆ ಇಡಬೇಕು. ನಿಮ್ಮ ಬದಿಯಲ್ಲಿ ಒಂದು ತಡಮೆ ಇಟ್ಟರೆ ಇನ್ನೂ ಒಳ್ಳೆಯದು. ಮನುಷ್ಯ ನಿಂತು ನೋಡಿ ದಾಟುತ್ತಾನೆ, ದನ ಒಳಗೆ ನುಗ್ಗುವುದಿಲ್ಲ. ಬೆಳಿಗ್ಗೆ ಎಂಟರವರೆಗೆ ಸೈಕಲ್ ಬೇಡ ಎಂಬ ನಿಮ್ಮ ಬೇಡಿಕೆಗೆ ಮಾತ್ರ ನಾನು ಸೇರುವುದಿಲ್ಲ. ಬಿಸಿಲು ಏರಿದ ಮೇಲೆ ಆ ಬೋಳು ಗುಡ್ಡೆಯಲ್ಲಿ ಮಕ್ಕಳು ಬೆಂದುಹೋಗುತ್ತಾರೆ.

ಪ್ರಶ್ನೆ: ಮಾವಾ, ನಾನು 9ನೇ ಕ್ಲಾಸು. ನನ್ನಲ್ಲಿ ಗೇರ್ ಸೈಕಲ್ ಇದೆ, ಮುಂದೆ ಮಾತ್ರ ಶಾಕ್ ಇದೆ. ಡೌನ್‌ಹಿಲ್‌ಗೆ ಲಕ್ಷಗಟ್ಟಲೆ ರೂಪಾಯಿಯ ಸೈಕಲ್ ಬೇಕು, ಹುಡುಗಿಯರಿಗೆ ಅದೆಲ್ಲ ಅಲ್ಲ ಅಂತ ಅಣ್ಣ ಹೇಳುತ್ತಾನೆ. ಹೌದಾ? (ವಿದ್ಯಾರ್ಥಿನಿ)

ಉತ್ತರ: ಮಗಳೇ, ಅಣ್ಣನ ಎರಡು ಮಾತಿನಲ್ಲಿ ಒಂದೂವರೆ ತಪ್ಪು. 1990ರಲ್ಲಿ ಅಮೆರಿಕದ ಡುರಾಂಗೊದಲ್ಲಿ ನಡೆದ ಮೊದಲ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲೇ ಹೆಂಗಸರಿಗೂ ಡೌನ್‌ಹಿಲ್ ಇತ್ತು, ಕೆನಡಾದ ಸಿಂಡಿ ಡಿವೈನ್ ಗೆದ್ದರು. ಇದನ್ನು ಕತ್ತರಿಸಿ ಅಣ್ಣನ ಪುಸ್ತಕದಲ್ಲಿ ಇಡು.

ರೇಸಿನ ಸೈಕಲಿಗೆ ಮುಂದೆ ಹಿಂದೆ ಎರಡೂ ಕಡೆ ಸುಮಾರು 200 ಮಿಲಿಮೀಟರ್ ಕುಗ್ಗುವ ಶಾಕ್ ಇರುತ್ತದೆ, ಬೆಲೆಯೂ ಅವನು ಹೇಳಿದಷ್ಟು ಇರುತ್ತದೆ. ಅದು ದೊಡ್ಡ ಬಂಡೆ, ದೊಡ್ಡ ಬೆಟ್ಟಕ್ಕೆ. ನಿಮ್ಮೂರಿನ 560 ಮೀಟರಿಗೆ ನಿನ್ನ ಸೈಕಲ್ ಸಾಕು, ಬ್ರೇಕ್ ಸರಿಯಿದ್ದರೆ. ಈ ಆಟ ಶುರುವಾದದ್ದೇ ಗುಜರಿ ಸೈಕಲಿನಲ್ಲಿ. ಕ್ಯಾಲಿಫೋರ್ನಿಯಾದ ಫೇರ್‌ಫ್ಯಾಕ್ಸ್ ಎಂಬ ಊರಿನ ಪಕ್ಕದ ಗುಡ್ಡದಲ್ಲಿ 1976ರ ಅಕ್ಟೋಬರ್ 21ರಂದು ಕೆಲವರು ದಪ್ಪ ಟಯರಿನ ಹಳೆಯ ಸೈಕಲ್ ಹಿಡಿದು ರೇಸ್ ಬಿಟ್ಟರು. ಎರಡು ಮೈಲಿಯಲ್ಲಿ 1,300 ಅಡಿ ಇಳಿತ. ಪೆಡಲ್ ಹಿಂದಕ್ಕೆ ಒತ್ತಿದರೆ ಹಿಡಿಯುವ ಬ್ರೇಕು. ಕೆಳಗೆ ಮುಟ್ಟುವಾಗ ಹಬ್ಬಿನ ಗ್ರೀಸ್ ಕಾದು ಹೊಗೆಯಾಗಿ ಹೋಗಿರುತ್ತಿತ್ತು, ಪ್ರತಿ ಸಲ ಬಿಚ್ಚಿ ಹೊಸ ಗ್ರೀಸ್ ತುಂಬಬೇಕಿತ್ತು. ಅದಕ್ಕೇ ಆ ರೇಸಿಗೆ ರೀಪ್ಯಾಕ್ ಎಂದು ಹೆಸರು ಬಿತ್ತು.

ನೀನು ಗ್ರೀಸ್ ಸುಡುವುದು ಬೇಡ. ಹಿಂದೆ ಮುಂದೆ ಬ್ರೇಕಿನ ಪ್ಯಾಡ್ ಸವೆದಿದ್ದರೆ ಬದಲಿಸಿ ಕೊಡಲು ಅಂಗಡಿಯವರಿಗೆ ಹೇಳು. ಸ್ಟ್ಯಾಂಡು, ಕ್ಯಾರಿಯರು, ಮಡ್‌ಗಾರ್ಡು ಕಳಚಿಡು. ಸೀಟನ್ನು ಪೂರ್ತಿ ತಗ್ಗಿಸು. ಇಳಿಯುವಾಗ ಅದರ ಮೇಲೆ ಕೂರಬಾರದು, ಎರಡೂ ಪೆಡಲ್ ಸಮನಾಗಿಟ್ಟು ಮೊಣಕಾಲು ಮಡಚಿ ನಿಲ್ಲಬೇಕು. ಬ್ರೇಕು ತಿರುವಿನ ಮೊದಲೇ ಹಿಡಿ, ತಿರುವಿನ ನಡುವೆ ಅಲ್ಲ. ಹೆಲ್ಮೆಟ್, ಮೊಣಕಾಲಿನ ಪ್ಯಾಡು, ಕೈಗವಸು ಇಲ್ಲದೆ ಇಳಿಯಬಾರದು. ಜಂಪ್ ಹಾರುವುದಾದರೆ ಗಲ್ಲ ಮುಚ್ಚುವ ಹೆಲ್ಮೆಟ್ ಬೇಕು, ಅದನ್ನು ಸಂಘದವರೇ ನಾಲ್ಕೈದು ತಂದಿಡಲಿ. ಕಾರ್ಯದರ್ಶಿಗಳು ಇದನ್ನು ಓದುತ್ತಾರೆ.

ಪ್ರಶ್ನೆ: ನಾಳೆ ಯಾರಾದರೂ ಬಿದ್ದರೆ ಹೊಣೆ ಯಾರು? ಮಳೆಗಾಲದಲ್ಲಿ ಮುಚ್ಚಬೇಕೇ? (ಪಂಚಾಯತ್ ಸದಸ್ಯೆ)

ಉತ್ತರ: ಬಿದ್ದೇ ಬೀಳುತ್ತಾರೆ ಮೇಡಂ, ಬೀಳದೆ ಈ ಆಟ ಇಲ್ಲ. ಹೊಣೆ ಯಾರದ್ದು ಎಂಬುದನ್ನು ಕಡಿಯುವ ಮೊದಲೇ ಸಂಘವೂ ಪಂಚಾಯತೂ ಕೂತು ಕಾಗದದಲ್ಲಿ ಬರೆದುಕೊಳ್ಳಬೇಕು. ಸಂಘದ ಹೆಸರಿನಲ್ಲಿ ಗುಂಪು ಅಪಘಾತ ವಿಮೆ ಮಾಡಿಸಿ. ದಾರಿಯುದ್ದಕ್ಕೂ 50 ಮೀಟರಿಗೊಂದು ಕಂಬ, ಕಂಬಕ್ಕೊಂದು ನಂಬ್ರ. 108ಕ್ಕೆ ಫೋನ್ ಮಾಡುವಾಗ "ಗುಡ್ಡೆಯಲ್ಲಿ ಎಲ್ಲೋ ಬಿದ್ದಿದ್ದಾನೆ" ಎನ್ನುವುದಕ್ಕೂ "7ನೇ ಕಂಬದ ಹತ್ತಿರ" ಎನ್ನುವುದಕ್ಕೂ ತುಂಬ ವ್ಯತ್ಯಾಸ ಇದೆ. ನಮಗೆ ದೊಡ್ಡ ಆಸ್ಪತ್ರೆ ಅಂದರೆ ಈಗಲೂ ಮಂಗಳೂರೇ. ಆಂಬುಲೆನ್ಸು ಬುಡದವರೆಗೆ ಬರುವ ದಾರಿಗೆ ಯಾರೂ ಕಾರು ಅಡ್ಡ ಇಡದ ಹಾಗೆ ನೋಡಿಕೊಳ್ಳಿ, ಒಂದು ಸ್ಟ್ರೆಚರನ್ನು ಅಂಗನವಾಡಿಯಲ್ಲೋ ವಾಚನಾಲಯದಲ್ಲೋ ಇಡಿ. ಬೋರ್ಡು ಕನ್ನಡ, ಮಲಯಾಳ ಎರಡರಲ್ಲೂ ಬೇಕು. ಜೊತೆಗೆ ಕಷ್ಟ ಎಷ್ಟು ಎಂದು ತೋರಿಸುವ ಗುರುತುಗಳನ್ನೂ ಬರೆಸಿ: ಹಸಿರು ವೃತ್ತ ಸುಲಭ, ನೀಲಿ ಚೌಕ ಮಧ್ಯಮ, ಕಪ್ಪು ವಜ್ರ ಕಷ್ಟ. ಓದಲು ಬಾರದ ಚಿಕ್ಕ ಮಕ್ಕಳಿಗೂ ಅದು ಅರ್ಥವಾಗುತ್ತದೆ.

ಮಳೆಗಾಲದಲ್ಲಿ ಮುಚ್ಚಲೇಬೇಕು. ಮುರದ ಮೇಲೆ ಹಾವಸೆ ಹಿಡಿದರೆ ನಡೆಯುವವರೇ ಜಾರುತ್ತಾರೆ. ಒದ್ದೆ ನೆಲದಲ್ಲಿ ಟಯರ್ ಹೋದ ಗೆರೆಯಲ್ಲೇ ನೀರು ಹಿಡಿದು ಕೊರೆಯುತ್ತದೆ. ಜೂನ್ ಶುರುವಿಗೆ ಬೀಗ, ಅಕ್ಟೋಬರಿನಲ್ಲಿ ಸಂಘದವರು ಹಾರೆ ಹಿಡಿದು ಪೂರ್ತಿ ದಾರಿ ನಡೆದು, ಮಣ್ಣು ಕಟ್ಟಿಕೊಂಡ ತಗ್ಗುಗಳನ್ನು ಬಿಡಿಸಿ, ಕಾಡುಹಂದಿ ಅಗೆದ ಬರ್ಮ್ ಸರಿಮಾಡಿದ ಮೇಲೆ ತೆರೆಯುವುದು. ಬೀಗದ ಕೈ ಸಂಘದಲ್ಲಿ ಬೇಡ, ಮಾಷ್ಟ್ರ ಹತ್ತಿರ ಕೊಡಿ. ಹೇಗೂ ಅವರು ದಿನಾ ಬೆಳಿಗ್ಗೆ ಅಲ್ಲಿ ಇರುತ್ತಾರೆ.